ಬಲಗೈ ಮೇಲಿನ ವಂಶಲಾಂಛನ

ಬಸ್ ನಿಲ್ದಾಣದಲ್ಲಿ ಮೀನಿನ ಚೀಲ ಹಿಡಿದು ನಿಂತಿದ್ದ ಕಸಿಲ್ದಾಳ ಬಸ್ಸು ಬರುವ ಸುಳಿವೇ ಇರಲಿಲ್ಲ. ಅವಳ ಮುಂದೆ ಸಾಂತಾಂದೇರ್ ಪಟ್ಟಣದ ಬಸ್ಸಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು ನಿಂತಲ್ಲಿ ನಿಲ್ಲದೆ ಚಡಪಡಿಸುತ್ತಿದ್ದಳು. ಜೊತೆಗಿದ್ದ ಮೊಮ್ಮಗ ತನ್ನ ಬಲಗೈ ಮೇಲೆ ಬೆರಳಾಡಿಸಿ ತೋರಿಸುತ್ತಿದ್ದ. ಅವರ ಮಾತು ಕಸಿಲ್ದಾಳ ಕಿವಿಗೂ ಬೀಳುತ್ತಿತ್ತು.

"ಇಲ್ಲಿ ಗೋಪುರ, ಕೆಳಗೆ ಎರಡು ಹದ್ದು, ಸುತ್ತ ನಮ್ಮ ವಾಲ್ದೆರೋಸ ಮನೆತನದ ಹೆಸರು. ದೊಡ್ಡಮನೆ ಬಾಗಿಲ ಮೇಲೆ ಕೆತ್ತಿರೋ ಹಾಗೇ ಹಚ್ಚೆ ಹಾಕಿಸ್ಕೋತೀನಿ, ಅಜ್ಜಿ."

"ಬೇಡ ಕಣೋ. ಒಂದ್ಸಲ ಹಾಕಿಸಿದ್ರೆ ಹೋಗಲ್ಲ ಅದು."

"ಹೋಗಬಾರದು ಅಂತಲೇ ಅಲ್ವಾ ಹಾಕಿಸೋದು! ರಾಜನ ಪಕ್ಕ ನಿಂತು ಕಾದಾಡಿದ ವಂಶ, ಕುಲೀನರು ಅಂತ ಒಂದು ಕಾಸೂ ಕಂದಾಯ ಕಟ್ಟದ ವಂಶ ಅಂತ ತಾತ ಹೇಳ್ತಿದ್ರು."

"ನಿಮ್ಮ ತಾತ ಬಾರಲ್ಲಿ ಕೂತು ಹೇಳ್ತಿದ್ದ. ಮನೇಲಿ ಬಾಯಿ ಬಿಡ್ತಿರಲಿಲ್ಲ."

"ಅಂದ್ರೆ?"

"ಅವನ ಮುತ್ತಾತನ್ನ ಹಸುಗೂಸಾಗಿದ್ದಾಗಲೇ ಯಾರೋ ಆ ಬಾಗಿಲಲ್ಲಿ ಬಿಟ್ಟು ಹೋದ್ರು. ಆ ಮನೆಯವರು ತಮ್ಮ ಹೆಸರು ಕೊಟ್ರು, ಕೊಟ್ಟಿಗೇಲಿ ಹಾಸಿಗೆ ಕೊಟ್ರು. ಸಾಯೋವರೆಗೂ ಆ ಮನೆ ದನ ಕಾಯ್ದ."

ಹುಡುಗ ಅಂಗಿಯ ತೋಳು ಕೆಳಗೆಳೆದುಕೊಂಡ.

"ಇಷ್ಟು ವರ್ಷ ನನಗ್ಯಾಕೆ ಹೇಳಲಿಲ್ಲ?"

"ಯಾವ ಮುಖ ಇಟ್ಕೊಂಡು ಹೇಳ್ಲಿ? ನಾನೂ ಬಾಗಿಲ ಮೇಲಿನ ಆ ಲಾಂಛನದ ಕಲ್ಲು ನೋಡ್ಕೊಂಡೇ ಅವನನ್ನ ಮದುವೆಯಾಗಿದ್ದು."

ಸಾಂತಾಂದೇರ್ ಬಸ್ಸು ಬಂತು. ಮುದುಕಿ ಅವನನ್ನು ಮುಂದಕ್ಕೆ ನೂಕಿ, ಹಿಂದೆಯೇ ಮೆಟ್ಟಿಲು ಹತ್ತಿದಳು.

"ಹಚ್ಚೆಯವನು ಕಾಯ್ತಿರ್ತಾನೆ. ಈಗ ಏನು ಹಾಕು ಅಂತ ಹೇಳ್ಲಿ?" ಹುಡುಗ ತಿರುಗಿ ಕೇಳಿದ.

"ಹಸು ಹಾಕು ಅನ್ನು. ಮೈತುಂಬಿಕೊಂಡಿರೋ ಹಸು. ನಮ್ಮೋರು ಮೇಯಿಸಿದ್ದು ಅಂತ ನೋಡಿದ ತಕ್ಷಣ ಗೊತ್ತಾಗ್ಬೇಕು."