ಮಳೆ ನಿಲ್ಲೋವರೆಗೆ ಎರಡು ಮಾತು

ವೇದಿಕೆ ಮೇಲಿರೋ ಅಧ್ಯಕ್ಷರೇ, ಪಕ್ಕದಲ್ಲಿ ಕೂತು ಆಕಳಿಕೆ ನುಂಗ್ತಿರೋ ಅತಿಥಿಗಳೇ, ಮಳೆ ಶಬ್ದಕ್ಕೆ ಬಾಗಿಲ ಕಡೆ ತಿರುಗಿರೋ ಸಭಿಕರೇ, ದಯವಿಟ್ಟು ಈ ಕಡೆ ನೋಡಿ. ಬಾಗಿಲು ಕಾಯೋಕೆ ನನ್ನ ಹೆಂಡತಿ ಅಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದಾಳೆ. ನೀರು ಹೊಸ್ತಿಲು ದಾಟಿದ್ರೆ ಕೂಗ್ತಾಳೆ. ಅವಳು ಕೂಗೋಕೆ ಮೈಕು ಬೇಕಿಲ್ಲ ಅನ್ನೋದು ಇಡೀ ಬೀದಿಗೇ ಗೊತ್ತು.

ಹೋದ ವರ್ಷ ಇದೇ ವಾರ್ಷಿಕ ಸಭೆ, ಇದೇ ಸಭಾಂಗಣ, ಇಂಥದ್ದೇ ಮಳೆ. ಎಲ್ಲರೂ ಕುರ್ಚಿ ಹತ್ತಿ ನಿಂತು ವರದಿ ಕೇಳಿದ್ವಿ. ಬಾಗಿಲಲ್ಲಿ ಬಿಟ್ಟಿದ್ದ ಅಧ್ಯಕ್ಷರ ಚಪ್ಪಲಿ ತೇಲ್ಕೊಂಡು ಬಂದು ನಮ್ಮತ್ತೆ ಕುರ್ಚಿ ಹತ್ತಿರ ನಿಂತಿತ್ತು. ಯಾಕೆ ಹಾಗಾಯ್ತು? ನಾವು ಬೀದಿ ಗುಡಿಸ್ತಿರಲಿಲ್ವಾ? ಗುಡಿಸ್ತಿದ್ವಿ ಸ್ವಾಮಿ, ಚೆನ್ನಾಗೇ ಗುಡಿಸ್ತಿದ್ವಿ! ಒಬ್ಬೊಬ್ಬರೂ ಅವರವರ ಗೇಟಿನ ಮುಂದೆ ಗುಡಿಸಿ, ಎಲೆ, ಮರಳು, ಹಾಲಿನ ಕವರು ಎಲ್ಲಾನೂ ಚರಂಡಿ ಬಾಯಿಗೆ ತಳ್ಳಿ, ಕೈ ಕೊಡವ್ಕೊಂಡು ಒಳಗೆ ಹೋಗ್ತಿದ್ವಿ. ನೀರು ಪಾಪ ಎಲ್ಲಿಗೆ ಹೋಗಬೇಕು? ಸಭೆಗೆ ಬಂತು.

ಆಗ ನಾನಂದೆ, ವಾರಕ್ಕೊಂದು ಸಲ ಎಲ್ಲರೂ ಸೇರಿ ಗುಡಿಸೋಣ, ಗುಡಿಸಿದ್ದನ್ನ ಬುಟ್ಟಿಗೆ ತುಂಬಿ ಗಾಡಿಗೆ ಹಾಕೋಣ ಅಂತ. ಅಧ್ಯಕ್ಷರು ಏನಂದ್ರು? "ನೋಡೋಣಪ್ಪ. ಮುಂದಿನ ಸಭೆಗೂ ನೀರು ಬಂದ್ರೆ ನಿನ್ನ ಪೊರಕೆ ಪಡೆ ಬರ್ಖಾಸ್ತು!" ಆಗಲಿ ಅಂದೆ. ವರ್ಷಪೂರ್ತಿ ವಾರವಾರ ಎಲ್ಲರೂ ಸೇರಿ ಗುಡಿಸಿದ್ವಿ. ಇವತ್ತು ಆಕಾಶ ನನ್ನ ಪರೀಕ್ಷೆಗೇ ಅಂತ ಬಂದು ಕೂತಿದೆ.

ನಾನು ಪಂಚರ್ ಅಂಗಡಿಯವನು. ಮೊಳೆ, ಗಾಜಿನ ಚೂರೇ ನನ್ನ ಅನ್ನ. ಬಾಗಿಲಲ್ಲಿ ಕೂತಿರೋ ಇವಳೇ ಕೇಳಿದ್ಲು, "ಇರೋ ಮೊಳೆನೆಲ್ಲ ನೀವೇ ಆಯ್ದು ಹಾಕಿದ್ರೆ ಅಂಗಡೀಲಿ ಕೂತು ಏನ್ರೀ ಮಾಡ್ತೀರಾ, ಭಾಷಣನಾ?" ನೋಡಿ, ಮಾಡ್ತಿದ್ದೀನಿ.

ಆದರೂ ಯಾಕೆ ಹಠ ಹಿಡಿದೆ? ನನ್ನ ಅಂಗಡಿ ಮುಂದಿನ ತಿರುವಿದೆಯಲ್ಲ, ಅಲ್ಲಿ ಮರಳು ನಿಲ್ತಿತ್ತು. ಮದುವೆಗೆ ಮುಂಚೆ ಇವಳು ಅಲ್ಲೇ ಸೈಕಲ್ ಸಮೇತ ಜಾರಿ ಬಿದ್ದಳು. ಎತ್ತೋಕೆ ಓಡಿದೆ. "ಕೈ ಬಿಡ್ರೀ! ಬಿದ್ದವರನ್ನ ಎತ್ತೋ ಬದಲು ಮರಳು ಎತ್ತೋಕೆ ಏನು ದಾಡಿ?" ಅಂದ್ಲು. ಅವತ್ತೇ ಗುಡಿಸಿದೆ. ಮಾರನೇ ದಿನ ಸೈಕಲ್ ನಿಧಾನ ಮಾಡಿ ನೋಡ್ಕೊಂಡು ಹೋದಳು. ಮದುವೆ ಆಗೋ ತನಕ ದಿನಾ ಗುಡಿಸಿದೆ. ಆಮೇಲೆ... ಆಮೇಲಿಂದು ಬಿಡಿ, ಗಂಡಸರಿಗೆಲ್ಲ ಗೊತ್ತಿರೋದೇ.

ಈ ವರ್ಷ ಆ ತಿರುವಲ್ಲಿ ಒಬ್ಬರೂ ಜಾರಿಲ್ಲ. ಹುಡುಗರಿಗೆ ಹೆಣ್ಣು ಸಿಗೋ ಒಂದು ದಾರಿ ಮುಚ್ಚಿದ್ದಕ್ಕೆ ಕ್ಷಮೆ ಇರಲಿ. ಕೆಳಗಿನ ಕೆರೆಗೆ ಕವರು ಹೋಗ್ತಿಲ್ಲ, ಬಾತುಕೋಳಿ ವಾಪಸ್ ಬಂದಿವೆ. ಬೆಳಿಗ್ಗೆ ಧೂಳಿಲ್ಲ, ನಮ್ಮತ್ತೆ ಕೆಮ್ಮಿಲ್ಲದೆ ಬೈತಾರೆ. ಇದೆಲ್ಲ ಸರಿ. ಇನ್ನೊಂದಿದೆ, ಹೇಳಬಾರದು ಅಂತಿದ್ದೆ. ನಾನು ಪೊರಕೆ ಹಿಡಿದು ತಿರುವಲ್ಲಿ ನಿಂತ ದಿನ ಇವಳು ಕೈಲಿರೋ ಕೆಲಸ ಬಿಟ್ಟು ಗೇಟಿಗೆ ಬಂದು ನೋಡ್ತಾಳೆ. ಇಷ್ಟು ವರ್ಷ ಆದ್ಮೇಲೆ! ಹೀಗಿರೋವಾಗ ಪಡೆ ಬರ್ಖಾಸ್ತಾದ್ರೆ ನನ್ನ ಗತಿ ಏನು, ನೀವೇ ಹೇಳಿ.

ಚಾವಣಿ ತಗಡಿನ ಮೇಲೆ ಮಳೆ ಸದ್ದು ಇಳೀತಾ ಇದೆ, ಅಲ್ವಾ? ನಿಂತೇ ಹೋಯ್ತು! ಬಾಗಿಲ ಕಡೆ ಈಗ ಎಲ್ಲರೂ ತಿರುಗಿ. ಅವಳು ಎದ್ದಳು. ಕೂಗ್ತಿಲ್ಲ, ನಗ್ತಿದ್ದಾಳೆ. ಕೈಲೇನೋ ಎತ್ತಿ ತೋರಿಸ್ತಿದ್ದಾಳೆ... ಅಧ್ಯಕ್ಷರೇ, ಅದು ನಿಮ್ಮ ಚಪ್ಪಲಿ. ಬಿಟ್ಟಲ್ಲೇ ಇತ್ತು, ಖಡಕ್ಕಾಗಿ ಒಣಗೇ ಇದೆ!

ಎರಡು ಮಾತು ಅಂತ ಕರೆದವರಿಗೆ, ಅಷ್ಟಕ್ಕೇ ನಿಲ್ಲಿಸದ ನಿಮಗೆ, ಸರಾಗವಾಗಿ ಹರಿದುಹೋದ ನೀರಿಗೆ ವಂದನೆಗಳು. ಮುಂದಿನ ವಾರ ಎಲ್ಲರೂ ಪೊರಕೆ ತನ್ನಿ. ತಿರುವು ಮಾತ್ರ ನನಗೆ ಬಿಡಿ. ನಮಸ್ಕಾರ.