ಕಡಲಕಲ್ಲಿನ ನೆರೆಹೊರೆ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ದರ್ಜಿಗೆ ಹೊತ್ತು ಕಳೆಯಲು ಉಳಿದಿದ್ದು ಕಿವಿಯೊಂದೇ. ಪಕ್ಕದಲ್ಲಿ ಒಬ್ಬ ತಾಯಿ, ಅವಳ ಮಗಳು. ತಾಯಿಯ ಕಣ್ಣಿಗೂ ಹನಿ ಬಿದ್ದಿತ್ತು. ಮಗಳದು ಸಮುದ್ರದ ಬ್ಯಾಕ್ಟೀರಿಯಾ ಸಾಕಿ ನೋಡುವ ಕೆಲಸವೆಂದು ಮಾತಿನಲ್ಲೇ ತಿಳಿಯಿತು.

“ಆ ನಿನ್ನ ಹುಳ ತಾನೇ ಆಂಟಿಬಯಾಟಿಕ್ ಮಾಡ್ಕೊಳ್ಳುತ್ತಾ?”

“ಹ್ಞೂಂ ಅಮ್ಮ. ಬೇರೆಯವು ಹತ್ತಿರ ಬರದೇ ಇರಲಿ ಅಂತ.”

“ಹಾಗಾದ್ರೆ ಪಕ್ಕದಲ್ಲಿ ಯಾವುದೂ ಉಳಿಯಲ್ವಾ?”

ದರ್ಜಿಗೂ ಅದೇ ಕೇಳಬೇಕಾಗಿತ್ತು.

“ಉಳಿಯುತ್ತೆ. ಒಂದೇ ಕಲ್ಲಿನ ಮೇಲೆ ಜೊತೆಗೇ ಬೆಳೆದವಕ್ಕೆ ಅದು ಅಭ್ಯಾಸ ಆಗಿರುತ್ತೆ. ಬೇರೆ ಕಡೆಯಿಂದ ಒಂದನ್ನ ತಂದು ಅದರ ಜೊತೆ ಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಅದು ಮಾತ್ರ ಸತ್ತಿತ್ತು.”

ತಾಯಿ ದನಿ ತಗ್ಗಿಸಿದಳು.

“ನನ್ನ ಮಾತು ನಿಂಗಾಗಲಿ ನಿಮ್ಮಣ್ಣಂಗಾಗಲಿ ಯಾವತ್ತಾದ್ರೂ ನಾಟಿದ್ದುಂಟಾ?”

“ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಿದ್ವಿ.”

“ನಿಮ್ಮತ್ತಿಗೆಗೆ ನಾಟಿತು ಅನ್ಸುತ್ತೆ. ತವರಿಗೆ ಹೋದವಳು ಫೋನೂ ಮಾಡಿಲ್ಲ.”

ತಾಯಿಯೇ ಮತ್ತೆ ಕೇಳಿದಳು.

“ಆ ಹುಳ ವಿಷ ಬಿಡೋದನ್ನ ನಿಲ್ಲಿಸೋದೇ ಇಲ್ವಾ?”

“ಪೂರ್ತಿ ನಿಲ್ಲಿಸಲ್ಲಮ್ಮ. ಆದ್ರೆ ತೀರಾ ಸ್ವಲ್ಪ ಬಿಟ್ಟಾಗ ಯಾವುದೂ ಸಾಯಲ್ಲ. ಪಕ್ಕದವು ಅದನ್ನ ಒಂದು ಸುದ್ದಿ ಥರ ತಗೊಳ್ತವೆ. ತಾವೂ ಬದಲಾಗ್ತವೆ.”

“ಅದೇ ವಿಷಾನಾ?”

“ಅದೇ.”

ನರ್ಸ್ ತಾಯಿಯನ್ನು ಒಳಗೆ ಕರೆದಳು. ಬೆಂಚು ಕಿರುಗುಟ್ಟಿತು, ಚಪ್ಪಲಿ ಸದ್ದು ಹೊರಟು ಬಾಗಿಲ ಹತ್ತಿರ ನಿಂತಿತು. ದರ್ಜಿ ಬಲು ಕಷ್ಟಪಟ್ಟು ಕಣ್ಣು ಮುಚ್ಚಿಕೊಂಡೇ ಕೂತ.

“ನಿಮ್ಮತ್ತಿಗೆ ನಂಬರ್ ಒತ್ತಿ ಕೊಡು. ನಂಗೆ ಕಾಣ್ತಿಲ್ಲ.”

“ಈಗಲೇನಾ? ಏನು ಹೇಳ್ತೀಯ?”

“ಸ್ವಲ್ಪಾನೇ ಕಣೇ.”