ಈರಜ್ಜನ ನಂಬರು

ಹಲೋ… ಹಾಂ, ಹಲೋ! ಯಾರು ಮಾತಾಡುದು?…

ಅಲ್ಲ, ಇದು ಈರಜ್ಜನ ನಂಬರಲ್ವಾ? ಕೊನೆಗೆ ನಲವತ್ತೊಂದು?… ಹಾಂ, ಅದೇ. ಅದಕ್ಕೇ ಮಾಡಿದ್ದು. ಹಾಗಾದ್ರೆ ನೀವು ಯಾರು?…

ಅಯ್ಯೋ, ಇಡ್ಬೇಡಿ, ಇಡ್ಬೇಡಿ! ಒಂದೇ ನಿಮಿಷ… ಗೊತ್ತದೆ, ಅವರು ಹೋಗಿ ವರ್ಷದ ಮೇಲಾತು. ನಮ್ಮ ಮನೆ ಮುಂದಿಂದಲೇ ತಗೊಂಡು ಹೋದದ್ದು. ಅವರ ಹತ್ರ ಮಾತಾಡುಕೆ ಮಾಡಿದ್ದಲ್ಲ ನಾನು. ಈ ನಂಬರು ಈಗ ಯಾರ ಕೈಲಿ ಅದೆ ಅಂತ ನೋಡುಕೆ ಮಾಡಿದ್ದು…

ನಾನು ವೀಣಾ. ಹೊನ್ನಾವರದಿಂದ. ಬಂದರದ ಹತ್ರ ಕಡಲಸಿರಿ ಮೀನುಗಾರರ ಸಂಘ ಅದೆ ಅಲ್ವಾ, ಅಲ್ಲಿ ಆಫೀಸಲ್ಲಿ ಕೆಲಸ… ಇಲ್ಲ ಇಲ್ಲ, ಬಂಗಡೆ ಬಂತಾ ಅಂತ ಕೇಳುಕಲ್ಲ. ದಿನಾ ಹಾಗೆ ಕೇಳ್ತಾರಾ ನಿಮ್ಮ ಹತ್ರ? ದೇವ್ರೇ! ಈರಜ್ಜ ನಮ್ಮ ಅಧ್ಯಕ್ಷರಾಗಿದ್ರು. ಮೂವತ್ತು ವರ್ಷ ತಾಂಡೇಲ, ಬೋಟು ನಡ್ಸಿದವರು. ಬಂದರದಲ್ಲಿ ಎಲ್ಲರಿಗೂ ಆ ನಂಬರು ಬಾಯಿಪಾಠ…

ಹೌದಾ? ಈ ನಂಬರು ನಾಳೆ ಬದಲಾಯಿಸ್ತೀರಾ?… ಬದಲಾಯಿಸಿ, ನಾನು ಬೇಡ ಅನ್ನುದಿಲ್ಲ. ಸತ್ತವರಿಗೆ ಬಂದ ಫೋನು ಎತ್ತಿ ಎತ್ತಿ ಯಾರಿಗಾದ್ರೂ ಸಾಕಾಗ್ತದೆ. ನಂಗೆ ಇವತ್ತು ಒಂದು ಗಂಟೆ ಹೊತ್ತು ಮಾತ್ರ ಬೇಕು…

ನೋಡಿ, ನಿಮ್ಮ ಮೊಬೈಲಿಗೆ ಸ್ವಲ್ಪ ಹೊತ್ತಿನ ಹಿಂದೆ ಮೆಸೇಜು ಬಂತಲ್ವಾ? ಆರು ಅಂಕಿದು?… ಎರಡು ಬಂದದಾ? ಎರಡೂ ಸಲ ಒತ್ತಿದ್ದು ನಾನೇ. ಆ ಅಂಕಿ ಒಂದು ಸಲ ಓದಿ ಹೇಳಿದ್ರೆ…

ಅಲ್ಲ, ಅಲ್ಲ! ಕಳ್ಳಿ ಅಲ್ಲ ಮಾರಾಯ್ರೆ! ಬ್ಯಾಂಕಿಂದಲ್ಲ. ಲಾಟರಿದಲ್ಲ. ನಿಮ್ಮದು ಎಂತದೂ ನಂಗೆ ಬೇಡ… ಗೊತ್ತದೆ, ಓಟಿಪಿ ಯಾರಿಗೂ ಹೇಳ್ಬಾರ್ದು. ನಾನೇ ಆಫೀಸಿನ ಗೋಡೆಗೆ ದಪ್ಪ ಅಕ್ಷರದಲ್ಲಿ ಬರ್ದು ಅಂಟಿಸಿದ್ದೇನೆ. ಈಗ ಅದೇ ಚೀಟಿ ಕೆಳಗೆ ಕೂತು ನಿಮ್ಮ ಹತ್ರ ಕೇಳ್ತಿದ್ದೇನೆ. ನಾಚಿಕೆ ಆಗ್ತದೆ ನಂಗೆ…

ಹಾಂ, ಹೇಳ್ತೇನೆ. ಮೊದಲಿಂದ ಹೇಳ್ತೇನೆ, ನೀವು ಇಡುದಿಲ್ಲ ಅಂದ್ರೆ… ನಮ್ಮ ಸಂಘದ್ದೊಂದು ಬೋಟು, ಎಂಟು ಜನ. ಸೋಮವಾರ ಹೋದದ್ದು. ಇಂಜಿನು ಹಾಳಾಗಿ, ಗಾಳಿಗೆ ತೇಲಿ ಬೇರೆ ರಾಜ್ಯದ ನೀರಿಗೆ ಹೋಗಿಬಿಟ್ಟದೆ. ಅಲ್ಲಿಯ ಪೊಲೀಸ್ರು ಹಿಡ್ದು ನಿಲ್ಲಿಸಿದ್ದಾರೆ. ಕಾಗದಪತ್ರ ಎಲ್ಲಾ ನೆಂದು ಮುದ್ದೆ. ನೀವು ಯಾರು, ಎಲ್ಲಿಯವರು ಅಂದ್ರೆ ತೋರಿಸುಕೆ ಒಂದು ಚೂರು ಇಲ್ಲ ಅವರ ಹತ್ರ. ಇವತ್ತು ಐದು ಗಂಟೆ ಒಳಗೆ ಬೋಟಿನ ಲೈಸೆನ್ಸು, ಎಂಟೂ ಜನರ ಗುರುತಿನ ಚೀಟಿ ಸಂಘದ ಇ-ಮೇಲಿಂದ ಬರ್ಬೇಕು, ಇಲ್ದಿದ್ರೆ ಕೇಸು ಹಾಕಿ ಒಳಗೆ ಕಳಿಸ್ತೇವೆ ಅಂದಿದ್ದಾರೆ. ಈಗಲೇ ನಾಲ್ಕೂವರೆ…

ವಾಟ್ಸಾಪಲ್ಲಿ ಕಳಿಸಿ ಆತು! ಮನೆಯವರ ಹತ್ರ ಇದ್ದ ಆಧಾರ್ ಫೋಟೋ ಎಲ್ಲಾ ಕಳಿಸಿದೆ. ಬೇಡ ಅಂದ್ರು. ಹೊಸದೊಂದು ಮೇಲ್ ಮಾಡಿ ಅದರಿಂದಲೂ ಕಳಿಸಿದೆ. ಇದು ಯಾರದ್ದು, ಯಾರು ಬೇಕಾದ್ರೂ ಮಾಡ್ಬಹುದು ಅಂತ ವಾಪಸ್ ಹಾಕಿದ್ರು. ಸಂಘದ ದಾಖಲೆಯಲ್ಲಿ ಯಾವ ಮೇಲ್ ಅದೆಯೋ ಅದರಿಂದಲೇ ಆಗ್ಬೇಕಂತೆ. ಲೈಸೆನ್ಸಿನ ಪ್ರತಿ ಇರುದೂ ಅದರ ಒಳಗೇ…

ಅದೇ ಅಲ್ವಾ, ತೆರೀತಾ ಇಲ್ಲ! ಹೋದ ವಾರ ಸಿಡಿಲಿಗೆ ಆಫೀಸಿನ ಕಂಪ್ಯೂಟರು ಸುಟ್ಟು ಹೋತು. ಅದರಲ್ಲಿ ಎರಡು ವರ್ಷದಿಂದ ಮೇಲ್ ತೆರೆದೇ ಇತ್ತು, ಎಂತದೂ ಕೇಳ್ತಿರಲಿಲ್ಲ. ಈಗ ಹೊಸ ಲ್ಯಾಪ್‌ಟಾಪಲ್ಲಿ ಪಾಸ್‌ವರ್ಡ್ ಹಾಕಿದ್ರೆ, ನಲವತ್ತೊಂದರ ನಂಬರಿಗೆ ಅಂಕಿ ಕಳಿಸಿದೆ, ಅದನ್ನ ಹಾಕು ಅಂತದೆ. ಕರೆಂಟು ಬೇರೆ ಇಲ್ಲ ಇಲ್ಲಿ. ನನ್ನ ಮೊಬೈಲಲ್ಲಿ ಚಾರ್ಜು ಒಂಬತ್ತೋ ಹತ್ತೋ…

ಯಾಕೆ ಅಜ್ಜನ ನಂಬರು ಕೊಟ್ರಿ ಅಂತೀರಾ?… ಅದೊಂದು ಕೇಳ್ಬೇಡಿ. ತಪ್ಪು ನನ್ನದೇ. ಕುಮಟದಿಂದ ಶಿಶಿರ ಅಂತ ಒಬ್ರು ಬಂದು ಎಲ್ಲಾ ಮಾಡಿ ಕೊಟ್ಟಿದ್ರು. ಸಂಘದ ಹೆಸರಲ್ಲೇ ಮೇಲ್, ಕಾಗದ ಎಲ್ಲಾ ಇಡುಕೆ ಒಂದು ಫೋಲ್ಡರು, ಮೀಟಿಂಗ್ ದಿನ ಹಾಕುಕೆ ಕ್ಯಾಲೆಂಡರು. ಕಮಿಟಿಯ ಆರು ಜನರಿಗೂ ಬೇರೆ ಬೇರೆ ಮೇಲ್. ಆರೂ ಜನ ಪಾಸ್‌ವರ್ಡಿನ ಚೀಟಿ ಕಿಸೆಗೆ ಹಾಕ್ಕೊಂಡು, ವೀಣಾ ನೋಡ್ಕೊಳ್ತಾಳೆ ಅಂತ ಚಾ ಕುಡಿಯುಕೆ ಹೋದ್ರು. ಆ ಚೀಟಿಗಳು ಈಗ ಎಲ್ಲಿ ಅವೆಯೋ ದೇವರಿಗೇ ಗೊತ್ತು…

ಹಾಂ, ನಂಬರಿನ ವಿಷಯ. ಶಿಶಿರ ಸರಿಯಾಗೇ ಹೇಳಿದ್ರು, ಆಫೀಸಿನ ನಂಬರೇ ಹಾಕಿ ಅಂತ. ನಾನೇ ಬೇಡ ಅಂದೆ. ನಮ್ಮಲ್ಲಿ ಹೊಸ ಬೋಟು ನೀರಿಗೆ ಇಳಿಸುವಾಗ ಹಿರೀ ತಾಂಡೇಲನ ಕೈ ಮೊದಲು ಮುಟ್ಟಬೇಕು. ಆ ಕೈ ಮುಟ್ಟದೆ ಯಾರೂ ದೂಡುದಿಲ್ಲ. ಅವತ್ತು ಕಂಪ್ಯೂಟರಿಗೆ ಹೂ ಹಾಕಿ, ಕಾಯಿ ಒಡ್ದು, ಈರಜ್ಜನ ಬೆರಳು ಹಿಡ್ದು ಬಟನ್ ಒತ್ತಿಸಿದ್ದು ನಾನು. ಅವರು ಇರುವಾಗ ಬೇರೆ ನಂಬರು ಹಾಕುದಾ, ನಿಮ್ಗೆ ತಲೆ ಸರಿ ಅದೆಯಾ ಅಂತ ಶಿಶಿರಂಗೇ ಜೋರು ಮಾಡಿದ್ದೆ…

ತೆಗಿಬೇಕಿತ್ತು. ಅವರು ಹೋದ ಮೇಲೆ ತೆಗಿಬೇಕಿತ್ತು, ಹೌದು. ಎರಡು ಮೂರು ಸಲ ಕೂತೆ. ಅವರ ಹೆಸರಿನ ಎದುರಿಗೆ ‘ತೆಗೆದುಹಾಕಿ’ ಅಂತ ಬರ್ತದೆ. ಕೈ ಹೋಗ್ಲಿಲ್ಲ ನಂಗೆ…

ಶಿಶಿರಂಗೆ ಕೇಳಿದೆ. ಬೇರೆ ದಾರಿ ಅದೆಯಂತೆ, ಮೂರು ದಿನ ಹಿಡಿತದಂತೆ. ಮೂರು ದಿನ!…

ನಂಬುದು ಹೇಗೆ ಅಂದ್ರೆ… ಎಂತ ತೋರಿಸ್ಲಿ? ವಿಡಿಯೋ ಮಾಡ್ಲಾ? ಸಂಘದ ಬೋರ್ಡು ತೋರಿಸ್ತೇನೆ… ಹಾಂ, ಬೋರ್ಡು ಯಾರೂ ಬರೆಸ್ಬಹುದು, ಹೌದು. ನಿಮ್ಮ ಜಾಗದಲ್ಲಿ ನಾನಿದ್ರೂ ಹೀಗೇ ಹೇಳ್ತಿದ್ದೆ. ನಿಮ್ಮ ಮೇಲೆ ಸಿಟ್ಟಿಲ್ಲ ನಂಗೆ. ನನ್ನ ಮೇಲೇ ಸಿಟ್ಟು…

ಇಲ್ಲ, ಅಳ್ತಿಲ್ಲ… ಆ ಎಂಟು ಜನರಲ್ಲಿ ಒಬ್ಬ ನನ್ನ ತಮ್ಮ. ಸುಜಯ ಅಂತ. ಮೊದಲ್ನೇ ವರ್ಷ ಬೋಟಿಗೆ ಹೋದದ್ದು, ನಾನೇ ಸೇರಿಸಿದ್ದು. ಮಧ್ಯಾಹ್ನ ಯಾರದೋ ಮೊಬೈಲಿಂದ ಮಾತಾಡಿದ. ಅಕ್ಕ, ಕಳಿಸಿದ್ಯಾ ಅಂದ. ಕಳಿಸಿ ಆತು, ಹೆದರ್ಬೇಡ ಅಂದೆ. ಸುಳ್ಳು ಹೇಳಿದೆ ತಂಗಿ. ಅವ್ನು ಈಗ ಅಲ್ಲಿ ಎಲ್ಲರಿಗೂ ಹೇಳಿರ್ತಾನೆ, ನಮ್ಮ ಅಕ್ಕ ಕಳಿಸಿದ್ದಾಳೆ ಅಂತ…

ಹಲೋ? ಇದ್ದೀರಾ?… ಹಾಂ, ಹೊಲಿಗೆ ಮಷಿನ್ ಸದ್ದು ನಿಂತ್ಹೋತು, ಇಟ್ಬಿಟ್ರಿ ಅಂದ್ಕೊಂಡೆ. ಟೈಲರಾ ನೀವು? ಎಲ್ಲಿ?… ಹಿರೇಗುತ್ತಿನಾ. ಹೆಸರು?… ಅಮಿತಾ. ಆತು…

ಎಂತ? ಯಾವ ಅಜ್ಜಿ?… ಈ ನಂಬರಿಗಾ? ದಿನಾ ಸಂಜೆ?… ನೀವು ತಪ್ಪು ನಂಬರು ಅನ್ಲಿಲ್ಲವಾ?… ‘ಗೊತ್ತದೆ ಮಗಾ, ಯಾರಾದ್ರೂ ಎತ್ತಿದ್ರೆ ಸಾಕು’ ಅಂದ್ರಾ?…

ಮತ್ತೆ? ದಿನಾ ಎಂತ ಮಾತಾಡ್ತೀರಿ ಇಬ್ರೂ?… ಇವತ್ತು ಎಂತ ಸಾರು ಅಂತನಾ?… ಎಂಟು ತಿಂಗಳಿಂದ?…

ಅಮಿತಾ, ಅದು ನಮ್ಮ ನಾಗಜ್ಜಿ! ಈರಜ್ಜನ ಹೆಂಡ್ತಿ. ಇಲ್ಲಿ ಒಬ್ರಿಗೂ ಗೊತ್ತಿಲ್ಲ ಮಾರಾಯ್ತಿ. ಸಂಜೆ ಆದ ಕೂಡಲೇ ಮೊಬೈಲು ಹಿಡ್ಕೊಂಡು ದಡಕ್ಕೆ ಹೋಗ್ತಾರೆ. ಭಟ್ಕಳದ ಮಗಳ ಹತ್ರ ಮಾತಾಡ್ತಾರೆ ಅಂದ್ಕೊಂಡಿದ್ದೆ ನಾನು…

ಹಾಂ? ಅವರು ಹೇಳಿದ್ರೆ ಕೊಡ್ತೀರಾ? ಅವರ ದನಿ ಗೊತ್ತದೆ ನಿಮ್ಗೆ, ಅಲ್ವಾ? ಇಲ್ಲೇ ಇದ್ದಾರೆ! ಎಂಟು ಮನೆ ಹೆಂಗಸರ ಸಂಗಡ ಹೊರಗೆ ಜಗಲಿ ಮೇಲೆ ಕೂತಿದ್ದಾರೆ, ಬೆಳಿಗ್ಗೆಯಿಂದ. ಇಡ್ಬೇಡಿ, ಹಿಡ್ಕೊಳ್ಳಿ… ನಾಗಜ್ಜೀ! ಓ ನಾಗಜ್ಜೀ! ಬೇಗ ಒಳಗೆ ಬನ್ನಿ!…

ಅಜ್ಜಿ, ನಿಮ್ಮ ಯಜಮಾನರ ನಂಬರಿಗೆ ದಿನಾ ಫೋನ್ ಮಾಡುದು ನೀವಾ?… ತಲೆ ತಗ್ಗಿಸ್ಬೇಡಿ. ಬೈಯುಕೆ ಕರೆದದ್ದಲ್ಲ. ಆ ಹುಡುಗಿ ಲೈನಲ್ಲಿದ್ದಾಳೆ. ನಾನು ವೀಣಾ ಹೌದು, ಬೋಟಿನ ವಿಷಯ ಸತ್ಯ ಅಂತ ಹೇಳಿ. ಸಾರಿನ ಮಾತು ಆಮೇಲೆ. ಹಿಡ್ಕೊಳ್ಳಿ…

ಹಾಂ, ಅಮಿತಾ, ನಾನೇ. ಆತಲ್ವಾ?… ಬೇರೆ ಎಂತದೂ ಹೇಳ್ಲಿಲ್ವಾ ಅವರು? ‘ಎಂಟೂ ಜನ ಹಸಿದಿದ್ದಾರೆ ಮಗಾ’ ಅಂತ ಅಷ್ಟೇನಾ?… ಅಷ್ಟೇ ಸಾಕಾತಾ ನಿಮ್ಗೆ? ನಿಮ್ಗೆ ಪುಣ್ಯ ಬರ್ಲಿ…

ಅಲ್ಲ, ಹಳೇ ಅಂಕಿ ಬೇಡ, ಅದರ ಹೊತ್ತು ಮುಗೀತು. ಮತ್ತೆ ಒತ್ತುತ್ತೇನೆ. ಇದು ಮೂರ್ನೇ ಸಲ. ಇದೂ ತಪ್ಪಿದ್ರೆ ನಾಳೆವರೆಗೆ ಕೊಡುದಿಲ್ಲಂತೆ. ಒತ್ತಿದೆ… ಬಂತಾ?… ಬರ್ಲಿಲ್ವಾ? ಸಿಗ್ನಲ್ ಅದೆಯಾ? ಸ್ವಲ್ಪ ಬಾಗಿಲ ಹತ್ರ ಬನ್ನಿ… ಅಜ್ಜಿ, ಸುಮ್ನಿರಿ, ಬರ್ತದೆ…

ಬಂತಾ! ಹೇಳಿ. ನಿಧಾನ… ಏಳು… ಸೊನ್ನೆ… ಮೂರು… ಮೂರಾ, ಆರಾ? ಮೂರು… ಒಂಬತ್ತು… ಎರಡು… ಮತ್ತೆ ಎರಡು. ಏಳು ಸೊನ್ನೆ ಮೂರು, ಒಂಬತ್ತು ಎರಡು ಎರಡು. ಹೌದಾ?… ಹಾಕಿದೆ. ತಿರುಗ್ತಾ ಅದೆ…

ತೆರೀತು! ಅಮಿತಾ, ತೆರೀತು! ಅಜ್ಜಿ, ತೆರೀತು! ಹೊರಗೆ ಹೇಳ್ಬೇಡಿ ಇನ್ನೂ, ಮೊದಲು ಕಳಿಸ್ತೇನೆ. ಗಂಟೆ ನಾಲ್ಕೂ ಐವತ್ತು… ಲೈಸೆನ್ಸು, ಹಾಂ. ಚೀಟಿ ಒಂದು, ಎರಡು… ಏಳೇ ಕಾಣ್ತದೆ. ಸುಜಯಂದು ಎಲ್ಲಿ? ಸುಜಯಂದು ನಾನೇ ಹಾಕಿದ್ದೆ!… ಹಾ, ಕೆಳಗದೆ. ಎಂಟು. ಕಳಿಸಿದೆ…

ಹೋತು. ಐವತ್ತಾರಕ್ಕೆ ಹೋತು. ನಿಮ್ಮ ಕಾಲಿಗೆ ಬೀಳ್ಬೇಕು ನಾನು…

ತಡೀರಿ, ಎಂತದೋ ಬಂತು. ‘ತಲುಪಿದೆ. ಪರಿಶೀಲಿಸಿ ತಿಳಿಸಲಾಗುವುದು.’ ಅಷ್ಟೇ. ಬಿಡ್ತೇವೆ ಅಂತ ಬರೀಲಿಲ್ಲ… ಹೌದು, ಹೊತ್ತಿನೊಳಗೆ ತಲುಪ್ತಲ್ವಾ. ಅಷ್ಟಾದ್ರೂ ಆತು. ಆದ್ರೂ ಅವನ ದನಿ ಕೇಳುವವರೆಗೆ ನಂಗೆ ಊಟ ಇಳಿಯುದಿಲ್ಲ…

ಇಲ್ಲ, ನಿಮ್ಗೆ ಇನ್ನು ಸಂಘದಿಂದ ತೊಂದ್ರೆ ಇಲ್ಲ. ಈಗಲೇ ಈ ನಂಬರು ತೆಗೆದು ಆಫೀಸಿಂದು ಹಾಕ್ತೇನೆ. ಈ ಸಲ ತಡ ಮಾಡುದಿಲ್ಲ. ಬಂದರದಲ್ಲೂ ಎಲ್ಲರಿಗೂ ಹೇಳಿಸ್ತೇನೆ. ನಾಳೆ ನೀವು ಆರಾಮಾಗಿ ನಂಬರು ಬದಲಾಯಿಸ್ಬಹುದು…

ಎಂತ ಅಜ್ಜಿ?… ಹೌದು, ಬದಲಾಯಿಸ್ತಾಳಂತೆ. ಎಲ್ಲರೂ ಫೋನ್ ಮಾಡಿ ಮಾಡಿ ಸಾಕಾಗಿಬಿಟ್ಟದೆ ಅವಳಿಗೆ… ಹಾಗೆ ನೋಡ್ಬೇಡಿ ಅಜ್ಜಿ, ನಾನೆಂತ ಮಾಡ್ಲಿ…

ಅಮಿತಾ, ಕೇಳಿಸ್ತಾ? ನಾನು ದಡ್ಡಿ, ಅವರೆದುರಿಗೇ ಅಂದ್ಬಿಟ್ಟೆ. ಹೊರಗೆ ಎಂಟು ಮನೆಯವರು ಅಳ್ತಾ ಕೂತಿದ್ದಾರೆ, ಇವರು ಒಂದೇ ಮಾತು ಕೇಳ್ತಿದ್ದಾರೆ. ನಾಳೆ ಸಂಜೆ ಎತ್ತುದು ಯಾರು ಅಂತ… ಹಲೋ? ಚಾರ್ಜು ಒಂದಕ್ಕೆ ಬಂತು, ಬೇಗ ಹೇಳಿ. ಎಂತ ಹೇಳ್ಲಿ ಇವರಿಗೆ?…

ಎಂತ ಅಂದ್ರಿ? ಕೇಳ್ಲಿಲ್ಲ… ಅಜ್ಜಿ, ತಡೀರಿ, ಹೇಳ್ತಿದ್ದಾಳೆ. ಹಲೋ, ಅಮಿತಾ? ನಾಳೆ ಸಂಜೆ ನೀವು…